ಹೆಂಟೆವ್ವನ ಮೂಲೆ

ಎಡೆದೊರೆ ಸೀಮೆಯ ಹಾಲಗುಂಡಿಗೆ ಬಂದವರು ನಮ್ಮ ಚರ್ಚನ್ನು ನೋಡುವ ಮೊದಲೇ ಅದರ ಸುತ್ತಗೋಡೆಯನ್ನು ನೋಡಿ ನಗುತ್ತಾರೆ. ಗೋಡೆ ಮೂರು ಮೂಲೆಗಳಲ್ಲಿ ನೆಟ್ಟಗೆ ತಿರುಗಿ, ಈಶಾನ್ಯಕ್ಕೆ ಬಂದಾಗ ಮಾತ್ರ ಇದ್ದಕ್ಕಿದ್ದಂತೆ ಹೊರಗಿನ ಹೊಲಕ್ಕೆ ನುಗ್ಗಿ, ಒಂದೇ ಒಂದು ಗೋರಿಯನ್ನು ಬಳಸಿಕೊಂಡು ಮತ್ತೆ ಒಳಕ್ಕೆ ಬರುತ್ತದೆ. ಕಟ್ಟಿದವನು ಕುಡಿದಿದ್ದನೇ ಎಂದು ಕೇಳಿದವರನ್ನೂ ಕಂಡಿದ್ದೇನೆ. ಹಾಗೆ ಕೇಳುವವರಲ್ಲಿ ಓದಿದವರೇ ಹೆಚ್ಚು. ಅವರನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿ, ಒಂದು ತಂಬಿಗೆ ನೀರು ಕೊಟ್ಟು, ಇದ್ದ ಸಂಗತಿ ಹೇಳಿ ಕಳುಹಿಸುವುದು ನಲವತ್ತು ವರ್ಷಗಳಿಂದ ನನ್ನ ಕೆಲಸ. ಆ ಸೊಟ್ಟಿಗೆ ನಮ್ಮೂರಿನಲ್ಲಿ ಹೆಂಟೆವ್ವನ ಮೂಲೆ ಎಂದು ಹೆಸರು. ಹಾಲಗುಂಡಿಯಲ್ಲಿ ನೆಟ್ಟಗಿರುವುದು ಅದೊಂದೇ ಎಂದು ನಮ್ಮಜ್ಜ ಹೇಳುತ್ತಿದ್ದರು.

ಹಿಂದೆ ಒಮ್ಮೆ, ವಿಜಾಪುರದ ಸುಲ್ತಾನರು ಈ ಸೀಮೆಯನ್ನು ಆಳುತ್ತಿದ್ದ ಕಾಲದಲ್ಲಿ, ಇದು ಕಲ್ಲುಕುಟಿಗರ ಊರಾಗಿತ್ತು ಎನ್ನುತ್ತಾರೆ. ಗೋವೆಯ ಕಡೆಯಿಂದ ಬಂದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಕಂದು ಅಂಗಿ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು, ಬರಿಗಾಲಲ್ಲಿ ಊರೂರು ಸುತ್ತಿ ಇಲ್ಲಿನವರನ್ನು ಕ್ರೈಸ್ತರನ್ನಾಗಿ ಮಾಡಿದ್ದರು. ಊರವರು ಅವರನ್ನು ಹಗ್ಗದ ಸ್ವಾಮಿಗಳೆಂದೇ ಕರೆಯುತ್ತಿದ್ದರು. ಈ ಸಂಗತಿ ನಡೆದಾಗ ಅವರ ಹಿರಿಯರು ಫ್ರಾ ಗಾಸ್ಪಾರ. ಹೀಗೆ ಎರಡು ತಲೆಮಾರು ಕಳೆದ ಮೇಲೆ ರೋಮಿನಿಂದ ಬೊನಿಫಾಸಿಯೊ ಎಂಬ ಬಿಷಪ್ಪರು ಬಂದು, ಈ ಸೀಮೆಯ ಚರ್ಚುಗಳೆಲ್ಲ ಇನ್ನು ತಮ್ಮ ಅಧೀನ ಎಂದರು. ಈ ಬಿಷಪ್ಪರು ಮೊದಲು ತುರ್ಕರ ಬಾದಶಹನ ರಾಜ್ಯದಲ್ಲಿದ್ದವರು. ಅಲ್ಲಿಯ ಹಗ್ಗದ ಸ್ವಾಮಿಗಳು ಬಾದಶಹನ ಫರ್ಮಾನು ತೋರಿಸಿ ಅವರನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸಿದ್ದರಂತೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ ಆ ಸಿಟ್ಟೆಲ್ಲ ಹಾಲಗುಂಡಿಯ ಮೇಲೆ ತಿರುಗಿತು. ಇಷ್ಟು ವರ್ಷ ನೀವೆಲ್ಲಿದ್ದಿರಿ ಎಂದು ಗಾಸ್ಪಾರರು ಕೇಳಿದರು. ಯಾರ ಅಪ್ಪಣೆಯಿಂದ ನೀವಿಲ್ಲಿದ್ದೀರಿ ಎಂದು ಬಿಷಪ್ಪರು ಕೇಳಿದರು. ಬಿಷಪ್ಪರು ಚರ್ಚಿನ ಬಾಗಿಲಿಗೆ ಒಂದು ಬೀಗ ಹಾಕಿಸಿದರು. ಮರುದಿನ ಗಾಸ್ಪಾರರು ಅದರ ಕೆಳಗೆ ಇನ್ನೊಂದು ಹಾಕಿದರು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಸನ್ಯಾಸಿಗಳು ಓದಿದ ಮಂತ್ರ ನಡೆಯದು ಎಂದು ಬಿಷಪ್ಪರ ಕಟ್ಟಪ್ಪಣೆ. ಬಿಷಪ್ಪರ ಕಡೆಯವರು ಸ್ಮಶಾನದಲ್ಲಿ ಗುದ್ದಲಿ ಇಡಕೂಡದು ಎಂದು ಸನ್ಯಾಸಿಗಳ ಹಟ. ಅಂಥ ಹೊತ್ತಿನಲ್ಲೇ ಕಲ್ಲುಕುಟಿಗ ಪಾವ್ಲಪ್ಪ ಜ್ವರದಿಂದ ತೀರಿಕೊಂಡ. ಚರ್ಚಿನ ಅಡಿಗಲ್ಲಿನಿಂದ ಶಿಲುಬೆಯವರೆಗೆ ಅವನ ಉಳಿ ತಾಗದ ಕಲ್ಲಿರಲಿಲ್ಲ. ಅಂಥವನಿಗೆ ಆರಡಿ ನೆಲ ಸಿಗಲಿಲ್ಲ. ಅವನ ಹೆಂಡತಿ ಮಾರ್ತವ್ವ ಎರಡು ದಿನ ಇವರ ಬಿಡಾರಕ್ಕೂ ಅವರ ಬಿಡಾರಕ್ಕೂ ತಿರುಗಿದಳು. ಮೂರನೆಯ ದಿನ ಚರ್ಚಿನ ಎಲ್ಲೆಗಲ್ಲಿನಾಚೆ, ತನ್ನ ಹೊಲದ ಬದುವಿನಲ್ಲಿ, ಗಂಟೆಯಿಲ್ಲದೆ ಮಂತ್ರವಿಲ್ಲದೆ ಗಂಡನನ್ನು ಮಣ್ಣು ಮಾಡಿದಳು.

ಜಗಳ ಕೋಟೆಯ ಖಾಜಿಯವರೆಗೆ ಹೋಯಿತು. ಬಿಷಪ್ಪರು ರೋಮಿನ ಪತ್ರ ಕೊಟ್ಟರು, ಗಾಸ್ಪಾರರು ಗೋವೆಯ ಪತ್ರ ಕೊಟ್ಟರು. ಎರಡನ್ನೂ ಓದಬಲ್ಲವರು ಕೋಟೆಯಲ್ಲಿ ಯಾರೂ ಇರಲಿಲ್ಲ. ಖಾಜಿ ಬುದ್ಧಿವಂತ. ಹಾಲಗುಂಡಿಗೆ ತಾನೇ ಬಂದು ಬೇವಿನ ಕೆಳಗೆ ಕೂತು, ಈ ನಾಡಿನ ಪದ್ಧತಿಯಂತೆಯೇ ತೀರ್ಮಾನವಾಗಲಿ ಎಂದ. ಎಲ್ಲೆಯ ತಕರಾರು ಬಂದರೆ ನೆಲ ತನ್ನದೆನ್ನುವವನು ಅದೇ ನೆಲದ ಎರೆಮಣ್ಣಿನ ಹೆಂಟೆಯನ್ನು ತಲೆಯ ಮೇಲಿಟ್ಟು, ಕೈ ಹಚ್ಚದೆ, ಹಿಂದಿರುಗಿ ನೋಡದೆ, ಬರಿಗಾಲಲ್ಲಿ ಎಲ್ಲೆ ಸುತ್ತಿ ಬರಬೇಕು. ಹೆಂಟೆ ಬಿದ್ದರೆ, ದಾರಿ ತಪ್ಪಿದರೆ, ಅವನದು ಸುಳ್ಳು. ಸುತ್ತಿ ಬಂದರೆ ಅವನು ನಡೆದದ್ದೇ ಎಲ್ಲೆ. ಹೊತ್ತು ಮುಳುಗುವುದರೊಳಗೆ ಯಾರೂ ಸುತ್ತಿ ಬರದಿದ್ದರೆ ಚರ್ಚೂ ಸ್ಮಶಾನವೂ ಸರ್ಕಾರಕ್ಕೆ ಜಪ್ತಿ ಎಂದೂ ಖಾಜಿ ಸೇರಿಸಿದ. ಊರ ಹೆಂಗಸರು ಎದೆ ಮೇಲೆ ಕೈಯಿಟ್ಟುಕೊಂಡರು.

ಬಿಷಪ್ಪರು ಮೊದಲು ಎದ್ದರು. ಪಾಪ, ಹೆಂಟೆಗೆ ಮರ್ಯಾದೆ ಕೊಡಬೇಕೆಂದು ಅದನ್ನು ತಮ್ಮ ಎತ್ತರದ ಟೋಪಿಯ ತುದಿಯ ಮೇಲೆ ಇಡಿಸಿಕೊಂಡರು. ನಾಲ್ಕು ಹೆಜ್ಜೆಯೊಳಗೆ ಹೆಂಟೆಯೂ ಟೋಪಿಯೂ ಒಟ್ಟಿಗೆ ನೆಲಕ್ಕೆ ಬಂದವು. ಗಾಸ್ಪಾರರು ಈ ಮಣ್ಣಲ್ಲೇ ಕೂದಲು ನೆರೆತವರು. ನಡುನೆತ್ತಿ ಬೋಳಿಸಿದ ಅವರ ತಲೆಯ ಮೇಲೆ ಹೆಂಟೆ ಸಿಂಬಿಯ ಮೇಲಿನ ಕೊಡದಂತೆ ಕೂತಿತು. ಆದರೆ ಅವರು ಮೂವತ್ತು ವರ್ಷ ಮುಂಬಾಗಿಲಿನಿಂದಲೇ ಬಂದು ಹೋದವರು. ಚರ್ಚಿನ ಹಿಂದೆ ಜಾಲಿಗಿಡಗಳ ನಡುವೆ ಎಲ್ಲೆಗಲ್ಲು ಎಲ್ಲಿದೆಯೆಂದು ತಿಳಿಯದೆ ನೇರವಾಗಿ ಪಕ್ಕದವರ ಜೋಳದೊಳಗೆ ನಡೆದುಬಿಟ್ಟರು. ಆ ಹೊಲದವನು ಕೂಗಿಕೊಂಡ.

ಆಗ ಎದ್ದವಳು ಮಾರ್ತವ್ವ. ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ಮುಂಚೆ ಆ ಜಾಲಿ ಕಡಿದು, ಒಂದೊಂದು ಎಲ್ಲೆಗಲ್ಲಿಗೂ ಸುಣ್ಣ ಬಳಿಯುತ್ತಿದ್ದವಳು ಅವಳೇ. ನೀನು ಯಾರ ಕಡೆಯವಳು ಎಂದು ಖಾಜಿ ಕೇಳಿದ.

"ಮಣ್ಣಾಗ ಮಲಗಿದವರ ಕಡಿಯಾಕಿ ರೀ," ಎಂದಳು. "ಅವರಿಗೆ ಎದ್ದು ನಡಿಯಾಕ ಬರಂಗಿಲ್ಲಲ್ರೀ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಂಟೆ ತಲೆಗಿಟ್ಟು ಹೊರಟಳು. ಊರೆಲ್ಲ ಹಿಂದೆ ನಡೆಯಿತು. ಜಾಲಿಯಲ್ಲಿ ಕಾಲು ಹರಿದು ರಕ್ತ ಬಂದರೂ ಕತ್ತು ಅಲುಗಲಿಲ್ಲ. ಈಶಾನ್ಯದ ಕೊನೆಯ ಕಲ್ಲಿನ ಹತ್ತಿರ ಮಾತ್ರ ಅವಳು ತಿರುಗಬೇಕಾದಲ್ಲಿ ತಿರುಗದೆ ಮುಂದೆ ಹೋದಳು. ಗೆದ್ದದ್ದು ಹೋಯಿತಲ್ಲ ಎಂದು ಜನ ಹೌಹಾರಿದರು. ಎಲ್ಲೆಗಲ್ಲು ಇಲ್ಲಿದೆ ಎಂದು ಖಾಜಿಯ ಆಳು ಕೂಗಿದ. ಅವಳು ತಿರುಗಿ ನೋಡುವಂತಿರಲಿಲ್ಲ. ಮುಂದಕ್ಕೆ ಮುಖ ಮಾಡಿಯೇ ಹೇಳಿದಳು.

"ಕಲ್ಲು ಅಲ್ಲಿದ್ರ ಇರ್ಲೆಪ್ಪಾ. ಹೊಲ ನಂದು, ಗಂಡ ನನ್ನವ. ಇವತ್ತಿಂದ ಈ ಮೂಲಿನೂ ಗುಡೀದು."

ಹಾಗೆಂದು ಪಾವ್ಲಪ್ಪನ ಮಣ್ಣಿನ ದಿಬ್ಬವನ್ನು ಸುತ್ತು ಹಾಕಿ, ಮತ್ತೆ ಎಲ್ಲೆಗೆ ಬಂದು, ಬೇವಿನ ಕೆಳಗೆ ನಿಂತಳು. ಕೊಡುವವಳು ತನ್ನದನ್ನೇ ಕೊಟ್ಟಿದ್ದಾಳೆ, ಇದರಲ್ಲಿ ಸುಳ್ಳೇನಿದೆ ಎಂದು ಖಾಜಿ ತೀರ್ಪು ಕೊಟ್ಟ. ಚರ್ಚು ಊರಿನದು, ಕೀಲಿಕೈ ಮಾರ್ತವ್ವನ ಮನೆಯಲ್ಲಿರತಕ್ಕದ್ದು. ಎರಡೂ ಬೀಗ ಕಳಚಿದವು. ಹೊಸ ನೆಲವನ್ನು ಸ್ಮಶಾನವಾಗಿ ಹರಸುವ ಅಧಿಕಾರ ಬಿಷಪ್ಪರಿಗೆ ಮಾತ್ರ. ಸತ್ತವನ ಹೆಸರು, ಕುಲ, ಕಷ್ಟ ಬಲ್ಲವರು ಗಾಸ್ಪಾರರು ಮಾತ್ರ. ಮಾರ್ತವ್ವ ಇಬ್ಬರನ್ನೂ ಕರೆದು ಗೋರಿಯ ಎರಡು ಬದಿಗೆ ನಿಲ್ಲಿಸಿದಳು. ಒಬ್ಬರು ನೆಲ ಹರಸಿದರು, ಇನ್ನೊಬ್ಬರು ಪಾವ್ಲಪ್ಪನಿಗಾಗಿ ಪ್ರಾರ್ಥಿಸಿದರು. ಅಂದು ಹೊತ್ತು ಮುಳುಗುವವರೆಗೆ ಗಂಟೆ ಮೊಳಗಿತು ಎನ್ನುತ್ತಾರೆ. ಅಂದಿನಿಂದ ಮಾರ್ತವ್ವ ಊರಿಗೆಲ್ಲ ಹೆಂಟೆವ್ವ ಎನಿಸಿದಳು. ಆಮೇಲೆ ಊರ ಕಲ್ಲುಕುಟಿಗರು ಅವಳ ರಕ್ತದ ಹೆಜ್ಜೆಗಳನ್ನೇ ಹಿಡಿದು ಈ ಗೋಡೆ ಕಟ್ಟಿದರು. ಕುಡಿದು ಕಟ್ಟಿದ್ದಲ್ಲ ಸ್ವಾಮಿ, ಅಳುತ್ತ ಕಟ್ಟಿದ್ದು.

ಇಂದಿಗೂ ಕೀಲಿಕೈ ಆ ಮನೆಯ ಹೆಂಗಸರಲ್ಲೇ ಇದೆ. ಹೊಸದಾಗಿ ಬರುವ ಯಾವ ಗುರುವೇ ಆಗಲಿ, ಹೆಂಟೆ ಹೊತ್ತು ಗೋಡೆಯ ಒಳಬದಿ ಹಿಡಿದು ಸುತ್ತಿ ಬಂದ ಮೇಲೆಯೇ ಬಾಗಿಲು ತೆರೆಯುತ್ತದೆ. ಹೊತ್ತ ಹೆಂಟೆಗಳನ್ನು ಆ ಮೂಲೆಯ ಗೋರಿಯ ಮೇಲೆಯೇ ಇಡುತ್ತಾರೆ. ಅವು ಮಳೆಗೆ ಕರಗಿ ಕರಗಿ ಸೇರಿಕೊಂಡು ಪಾವ್ಲಪ್ಪನ ಗೋರಿ ಈಗ ಸೊಂಟದೆತ್ತರ ಬೆಳೆದಿದೆ. ಹೋದ ವರ್ಷ ಹೊಸ ಬಿಷಪ್ಪರು ಕಾರಿನಲ್ಲಿ ಬಂದರು. ತಮಗೆ ಇದೆಲ್ಲ ಬೇಕಿಲ್ಲ ಎಂದು ಜೊತೆಯವರು ಕಿವಿಯಲ್ಲಿ ಉಸುರಿದರು. ಅವರು ಕೇಳಲಿಲ್ಲ. ಬೂಟು ಕಳಚಿ, ಟೋಪಿ ತೆಗೆದು, ಹೆಂಟೆ ಹೊತ್ತು ನಡೆದರು. ಈಶಾನ್ಯಕ್ಕೆ ಬಂದಾಗ ಗೋಡೆಯ ಗುಂಟ ಹೋಗದೆ, ಗೋರಿಯನ್ನು ಬಿಟ್ಟು ಹತ್ತಿರದ ದಾರಿ ಹಿಡಿಯಲು ಹೊರಟರು. ಕೀಲಿಕೈ ಹಿಡಿದು ನಿಂತಿದ್ದ ಎಂಬತ್ತರ ಮುದುಕಿ ಅಲ್ಲಿಂದಲೇ ಕೂಗಿದಳು.

"ಅಡ್ಡ ಹಾಯಬ್ಯಾಡ್ರಿ ಸ್ವಾಮಿ, ಪಾವ್ಲಪ್ಪನ್ನ ಸುತ್ತಿ ಬರ್ರಿ!"

ಬಿಷಪ್ಪರು ಸುತ್ತಿ ಬಂದರು. ಮುದುಕಿ ಬಾಗಿಲು ತೆರೆದಳು.