ಒರೆಸದೆ ಬಿಟ್ಟ ಒಂದು ಗೇಣು

“ಅಜ್ಜಿ, ಒರೆಸದೆ ‘ಒರೆಸಿದೆ’ ಎನ್ನುವವಳ ಬಾಯಿಂದ ನಿಜ ಹೊರಡಿಸುವುದು ಹೇಗೆ?”

ವಾರಿಜಾ ಕೇಳಿದ ಪ್ರಶ್ನೆ ಇದು. ನಗರದಲ್ಲಿ ಅವಳದು ಅಪಾರ್ಟ್‌ಮೆಂಟ್ ಮನೆ. ಭಾನುವಾರ ಭಾನುವಾರ ನನ್ನಲ್ಲಿ ತತ್ವಪದ ಕಲಿಯಲು ಬರುತ್ತಾಳೆ. ಅಂದು ಬಂದವಳು ಪದದ ಮಾತೇ ಎತ್ತಲಿಲ್ಲ. ಮನೆಗೆಲಸದವಳನ್ನು ಬಿಡಿಸುತ್ತೇನೆ ಎಂದು ನಿಂತೇ ಇದ್ದಳು.

ನಾನು ಹೇಳಿದೆ: ಮೊದಲು ಕೂತುಕೋ ತಾಯಿ. ನಿಂತವರ ಕಿವಿಗೆ ಕತೆ ಇಳಿಯುವುದಿಲ್ಲ. ಕಾಲು ಮಡಿಸಿಕೋ, ಆ ಫೋನನ್ನು ಬೋರಲು ಹಾಕು. ಹೂಂಗುಟ್ಟುತ್ತಿರು, ನಡುವೆ ಬಾಯಿ ಮಾತ್ರ ಹಾಕಬೇಡ.

ಒಂದು ನಗರದಲ್ಲಿ ಒಬ್ಬ ಮನೆಯೊಡತಿ. ದೊಡ್ಡ ರಸ್ತೆಯ ಪಕ್ಕದ ಕಟ್ಟಡ, ಎರಡನೆಯ ಮಹಡಿಯಲ್ಲಿ ಮನೆ. ಎದುರಿಗೆ ಸೇತುವೆ ಕಟ್ಟುತ್ತಿದ್ದರು. ಹಗಲೆಲ್ಲ ಮಣ್ಣಿನ ಲಾರಿಗಳ ಓಡಾಟ. ಮನೆಯೊಡತಿ ಬೆಳಿಗ್ಗೆ ಕಚೇರಿಗೆ ಹೋದರೆ ಬರುವುದು ಸಂಜೆಗೆ. ಕೆಲಸದವಳು ಹೊತ್ತೇರುವ ಮೊದಲು ಬಂದು ಗುಡಿಸಿ ಒರೆಸಿ ಹೋಗುವಳು. ಅತ್ತೆಯೊಬ್ಬಳು ಹಗಲೆಲ್ಲ ಮನೆಯಲ್ಲೇ ಇರುವಳು.

ಸಂಜೆ ಬಂದ ಮನೆಯೊಡತಿ ಟೀವಿ ಮೇಜಿನ ಮೇಲೆ ಬೆರಳು ಎಳೆಯುವಳು. ಬೆರಳು ಬೂದಿ ಬಣ್ಣವಾಗುವುದು. ಒಂದು ದಿನವೂ ತಪ್ಪಿದ್ದಿಲ್ಲ. ಒಂದು ಶನಿವಾರ, ರಜೆಯ ದಿನ, ಕೆಲಸದವಳನ್ನು ಎದುರು ನಿಲ್ಲಿಸಿ ಕೇಳಿದಳು.

“ದಿನಾ ಸಂಜೆ ಮೇಜಿನ ತುಂಬ ಧೂಳು. ಒರೆಸ್ತೀಯೋ ಇಲ್ಲವೋ?”

“ಒರೆಸ್ತೀನಕ್ಕ, ದಿನಾ.”

“ಹಾಗಾದ್ರೆ ಅದು ಎಲ್ಲಿಂದ ಬರುತ್ತೆ?”

“ಕಿಟಕಿಯಿಂದ. ನನ್ನನ್ನ ಕೇಳಿ ಬರುತ್ತಾ ಅದು?”

ಮನೆಯೊಡತಿಯ ಮುಖ ಕೆಂಪಾಯಿತು. ಇನ್ನು ಬರಬೇಡ ಎಂದಳು. ಕೆಲಸಗಳ್ಳಿ ಎಂದು ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತೇನೆ ಎಂದಳು. ಕೆಲಸದವಳಿಗೆ ಅದೇ ಕಟ್ಟಡದಲ್ಲಿ ಇನ್ನೂ ನಾಲ್ಕು ಮನೆಗಳಿದ್ದವು. ಆ ಹೆಸರು ಒಮ್ಮೆ ಅಂಟಿತೆಂದರೆ ನಾಲ್ಕು ಬಾಗಿಲೂ ಮುಚ್ಚಿದಂತೆಯೇ.

ಅತ್ತೆ ಸೋಫಾದ ಮೇಲೆ ಕೂತಿದ್ದಳು. ಕೆಲಸದವಳು ಒರೆಸುವುದನ್ನು ದಿನವೂ ಕಣ್ಣಾರೆ ಕಂಡವಳು. ಬಾಯಿ ಬಿಡಲಿಲ್ಲ. ಸೊಸೆಯ ಜೊತೆ ಏಗಬೇಕಲ್ಲ!

ಕೆಲಸದವಳು ಅಳಲಿಲ್ಲ, ಕೈ ಮುಗಿಯಲಿಲ್ಲ. “ಬರೋ ಶನಿವಾರದ ತನಕ ತಡೀರಿ. ಆಮೇಲೆ ಏನು ಹಾಕ್ಬೇಕೋ ಹಾಕಿ,” ಎಂದಳು. ಒಂದು ವಾರ ತಾನೇ ಎಂದು ಮನೆಯೊಡತಿ ಒಪ್ಪಿದಳು.

ಅಂದು ಮೇಜನ್ನು ಎಂದಿನಂತೆಯೇ ಒರೆಸಿದಳು. ಆದರೆ ಬಲತುದಿಯಲ್ಲಿ ಒಂದು ಗೇಣು ಜಾಗ ಬಿಟ್ಟಳು. ಮರುದಿನವೂ ಬಿಟ್ಟಳು. ಮೂರನೆಯ ದಿನ ಆ ಗೇಣು ಎದ್ದು ಕಂಡಿತು. ನಾಲ್ಕನೆಯ ದಿನ ಕಚೇರಿಗೆ ತಡವಾದರೂ ಸರಿಯೆಂದು ಮನೆಯೊಡತಿ ಕಾದು ಕೂತಳು.

“ಇಲ್ಲಿ ಬಿಟ್ಟಿದ್ದೀಯ. ಒರೆಸು.”

“ಒರೆಸಲ್ಲ.”

“ಮನೆ ನನ್ನದು ಕಣೇ!”

“ಮನೆ ನಿಮ್ಮದೇ ಅಕ್ಕ. ಕೈ ನಂದು.”

ಮನೆಯೊಡತಿಗೆ ಮೈಯೆಲ್ಲ ಉರಿಯಿತು. ಇರಲಿ, ಶನಿವಾರ ಇದರದೇ ಫೋಟೋ ಹಿಡಿದು ಗುಂಪಿಗೆ ಹಾಕುತ್ತೇನೆ ಎಂದು ತಾನೂ ಆ ಜಾಗವನ್ನು ಮುಟ್ಟಲಿಲ್ಲ.

ಶನಿವಾರ ಬಂತು. ಮನೆಯೊಡತಿ ಮೊದಲು ಆ ಗೇಣಿನ ಫೋಟೋ ಹಿಡಿದಿಟ್ಟುಕೊಂಡಳು. ಕೆಲಸದವಳು ಬಟ್ಟೆ ಹಿಂಡಿ ಮನೆಯೊಡತಿಯ ಕೈಗೇ ಕೊಟ್ಟಳು. “ಇವತ್ತು ಪೂರ್ತಿ ಮೇಜು ನೀವೇ ಒರೆಸಿ. ನಿಮಗೆ ಹೇಗೆ ಬೇಕೋ ಹಾಗೆ.”

ಒರೆಸುವುದೆಂದರೇನೆಂದು ಇವಳಿಗೆ ತೋರಿಸಿಯೇ ಬಿಡುತ್ತೇನೆ ಎಂದು ಮನೆಯೊಡತಿ ಸೆರಗು ಸಿಕ್ಕಿಸಿದಳು. ಮೇಜಿನ ಉಳಿದ ಭಾಗ ಒಂದೇ ಸಲಕ್ಕೆ ಸ್ವಚ್ಛವಾಯಿತು. ಆ ಒಂದು ಗೇಣಿಗೆ ಬಟ್ಟೆಯನ್ನು ಮೂರು ಸಲ ಜಾಲಿಸಬೇಕಾಯಿತು. ಬಕೆಟ್ಟಿನ ನೀರು ಕಪ್ಪಾಯಿತು. ಸೀನು ಬೇರೆ ಹತ್ತಿಕೊಂಡಿತು. ಆದರೂ ಬಿಡಲಿಲ್ಲ, ಮುಖ ಕಾಣುವ ಹಾಗೆ ಉಜ್ಜಿದಳು.

“ನೋಡು, ಇದು ಒರೆಸೋದು ಅಂದ್ರೆ.”

“ಚೆನ್ನಾಗಿ ಒರೆಸಿದ್ದೀರಿ. ಸಂಜೆ ನೋಡಿಕೊಳ್ಳಿ,” ಎಂದು ಕೆಲಸದವಳು ಹೊರಟುಹೋದಳು.

ಮಧ್ಯಾಹ್ನ ಮನೆಯೊಡತಿ ನೆಂಟರ ಮನೆಯ ಊಟಕ್ಕೆ ಹೋದಳು. ಸಂಜೆ ಬಂದವಳೇ ಅಭ್ಯಾಸದಂತೆ ಮೇಜಿನ ಮೇಲೆ ಬೆರಳು ಎಳೆದಳು. ಬೆರಳು ಬೂದಿ ಬಣ್ಣವಾಯಿತು.

“ಅತ್ತೆ, ಯಾರಾದರೂ ಬಂದಿದ್ದರೇ?”

“ಯಾರೂ ಬರಲಿಲ್ಲ. ಬೆಳಿಗ್ಗೆ ಒರೆಸಿದವಳು ನೀನೇ.”

ಮರುದಿನ ಕೆಲಸದವಳು ಬಂದಾಗ ಮನೆಯೊಡತಿ ತಲೆ ತಗ್ಗಿಸಿ ಹೇಳಿದಳು: “ಗುಂಪಿಗೆ ಏನೂ ಹಾಕಲಿಲ್ಲ. ನೀನು ಇದ್ದುಬಿಡು.”

“ಹೆಸರು ಕೆಡಲಿಲ್ಲವಲ್ಲ, ಸಾಕು. ನೀವು ಬಿಡಿಸೋದು ಬೇಡ ಅಕ್ಕ. ಈಗ ಬಿಡೋಳು ನಾನು.”

ಅಷ್ಟೇ ಕತೆ. ಕೆಲಸದವಳಿಗೆ ಇದ್ದ ನಾಲ್ಕು ಮನೆಯೂ ಉಳಿದವು, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಐದನೆಯದೂ ಸಿಕ್ಕಿತು. ಮನೆಯೊಡತಿ ರಸ್ತೆ ಕಡೆಯ ಕಿಟಕಿಗಳಿಗೆ ಜಾಲರಿ ಹಾಕಿಸಿದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಾನೇ ಒರೆಸುತ್ತಾಳೆ. ಅತ್ತೆ ತಾನು ಕಂಡದ್ದನ್ನು ಈಗ ಬಂದವರಿಗೆಲ್ಲ ಹೇಳುತ್ತಾಳೆ. ಆ ಮಾತು ಬೇಕಾಗಿದ್ದ ಕೆಲಸದವಳು ಮಾತ್ರ ಆ ಮನೆಗೆ ಬರುವುದಿಲ್ಲ. ಧೂಳಿಗೆ ಏನೂ ಆಗಲಿಲ್ಲ, ಬರುತ್ತಲೇ ಇದೆ.

ವಾರಿಜಾ ಏನೋ ಹೇಳಲು ಬಾಯಿ ತೆರೆದಳು. ನಾನು ಹೇಳಿದೆ:

“ದಿನಾ ಒರೆಸಿದವಳ ಮಾತಿಗೆ ಎಂಟು ದಿನದ ಸಾಕ್ಷಿ ಬೇಕಾಯಿತು ತಾಯಿ, ಒಂದು ದಿನವೂ ಒರೆಸದಿದ್ದ ಒಡತಿಯ ಮಾತಿಗೆ ಯಾರೂ ಸಾಕ್ಷಿ ಕೇಳಿರಲಿಲ್ಲ.”