ಅರವತ್ತೆಂಟು ಅಡಿ

ಬತ್ತಿದ ಹೊಳೆಯ ದಂಡೆಯಲ್ಲಿ ಒಂದು ಮಠ. ಮಠಕ್ಕೂ ಕೆಳಗಿನ ಊರಿಗೂ ಒಂದೇ ಬಾವಿ, ಮಠದ ಅಂಗಳದಲ್ಲಿ.

ಪ್ರತಿ ಅಮಾವಾಸ್ಯೆಗೆ ಗುರುಗಳು ತಂಬಿಗೆ ಕಟ್ಟಿದ ಹಗ್ಗವನ್ನು ಬಾವಿಗೆ ಇಳಿಬಿಟ್ಟು, ನೀರು ಸಿಕ್ಕ ಆಳಕ್ಕೆ ಗಂಟು ಹಾಕುತ್ತಿದ್ದರು. ಗಂಟು ನೋಡಿ ಊರವರು ಎಷ್ಟು ಬಿತ್ತಬೇಕೆಂದು ತೀರ್ಮಾನಿಸುತ್ತಿದ್ದರು.

ವಯಸ್ಸಾದ ಗುರುಗಳು ಹಗ್ಗ ಜಗ್ಗುವುದನ್ನು ಶಿಷ್ಯ ಮಡಿವಾಳಯ್ಯನಿಗೆ ನೋಡಲಾಗಲಿಲ್ಲ. ನೀರಿನ ಮಟ್ಟ ತಿಳಿಸುವ ಯಂತ್ರವೊಂದನ್ನು ತಂದು ಬಾವಿಯೊಳಗೆ ತೂಗುಬಿಟ್ಟ. ಮೇಲೆ ಮುಚ್ಚಳ ಹಾಕಿಸಿದ.

“ಇನ್ನ ಹಗ್ಗ ಬ್ಯಾಡ್ರಿ ಅಜ್ಜಾರ. ನಾ ಕಾಶಿಯೊಳಗಿದ್ರೂ ಫೋನಿನಾಗ ನೀರು ಕಾಣತೈತಿ.”

“ಬಾವಿ ಇಲ್ಲೇ ಐತಲ್ಲೋ” ಎಂದು ಗುರುಗಳು ನಕ್ಕರು. ಆದರೂ ಹಗ್ಗವನ್ನು ಗೂಟಕ್ಕೆ ಹಾಕಿದರು.

ಫೋನಿನಲ್ಲಿ ನೀರು ಇಳಿಯುತ್ತ ಹೋಯಿತು. ಅರವತ್ತು ಅಡಿ, ಅರವತ್ತೈದು, ಅರವತ್ತೆಂಟು. ಅಲ್ಲಿಗೆ ನಿಂತಿತು. ನಾಲ್ಕು ತಿಂಗಳು ಕದಲಲಿಲ್ಲ.

ಊರಿನ ಶಾಂತವ್ವ ದಿನಾ ಮಠದ ಬಾಗಿಲಿಗೆ ಬಂದು ನೀರೆಷ್ಟಿದೆ ಎಂದು ಕೇಳುತ್ತಿದ್ದಳು. ಮಡಿವಾಳಯ್ಯ ಫೋನು ತೋರಿಸಿ, “ನಿಂತೈತವ್ವಾ” ಎನ್ನುತ್ತಿದ್ದ. ಆ ಮಾತು ನಂಬಿ ಊರು ಎರಡನೇ ಬೆಳೆ ಹಾಕಿತು. ಬಾವಿಯ ಪಂಪು ಹಗಲೆಲ್ಲ ಓಡಿತು.

ಒಂದು ಮುಂಜಾನೆ ಪಂಪು ರಾಡಿ ಉಗುಳಿ ನಿಂತಿತು.

“ಪಂಪು ಕೆಟ್ಟೈತ್ರಿ ಅಜ್ಜಾರ. ನೀರೇನೋ ಐತಿ. ನೋಡ್ರಿ, ಅರವತ್ತೆಂಟು.”

ಗುರುಗಳು ಗೂಟದ ಹಗ್ಗ ತೆಗೆದುಕೊಂಡರು. “ಮುಚ್ಚಳ ತೆಗಿ.”

ಹಗ್ಗ ಇಳಿಯಿತು. ಗಂಟುಗಳೆಲ್ಲ ಒಳಗೆ ಹೋದವು. ಗಾಳಿಯಲ್ಲಿ ನೇತಾಡುತ್ತಿದ್ದ ಯಂತ್ರವನ್ನೂ ದಾಟಿ ತಂಬಿಗೆ ತಳಕ್ಕೆ ಬಡಿಯಿತು. ಮೇಲೆ ಬಂದದ್ದು ಒಂದು ಹಿಡಿ ಕೆಸರು.

“ಇದು ಸುಳ್ಳು ಹೇಳಿತಲ್ರೀ!”

“ಯಂತ್ರ ಎಷ್ಟು ಅಡಿಗೆ ಕಟ್ಟಿದ್ದಿ?”

ಮಡಿವಾಳಯ್ಯ ಬಾವಿಯೊಳಗೆ ಬಗ್ಗಿ ನೋಡಿದ. “ಅರವತ್ತೆಂಟಕ್ಕ.”

“ನೀರು ಅದನ್ನ ಬಿಟ್ಟು ಕೆಳಗ ಹೋತು. ಅದು ತಾನಿದ್ದ ಜಾಗಾನ ಹೇಳಿಕೋಂತ ಕುಂತಿತ್ತು.”

ಮಳೆಗಾಲಕ್ಕೆ ಇನ್ನೂ ಮೂರು ತಿಂಗಳಿತ್ತು. ಶಿಷ್ಯ ಕಟ್ಟೆಗೆ ತಲೆ ಚಚ್ಚಿಕೊಂಡು ಅತ್ತ.

“ಮೊದಲ ತಿಳಿದಿದ್ರ ಕುಡಿಯಾಕರ ಉಳೀತಿತ್ತು. ಈಗೇನ ಮಾಡ್ಲಿ ಅಜ್ಜಾರ?”

ಗುರುಗಳೂ ಕಟ್ಟೆಯ ಮೇಲೆ ಕುಸಿದು ಕುಳಿತರು. “ಹಗ್ಗ ಗೂಟಕ್ಕ ಹಾಕಿದಾಂವ ನಾನಽ” ಎಂದರು.

ಬಾಗಿಲಲ್ಲಿ ಶಾಂತವ್ವ ಬಂದು ನಿಂತಿದ್ದಳು, ಕಂಕುಳಲ್ಲಿ ಖಾಲಿ ಕೊಡ.

“ಅಯ್ಯಾರ, ಇವತ್ತ ನೀರು ಎಷ್ಟೈತ್ರಿ?”

ಮಡಿವಾಳಯ್ಯ ಕೆಸರಿನ ತಂಬಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಗುರುಗಳು ಎದ್ದು, ಅದನ್ನು ಬಿಡಿಸಿ ಮುಂದೆ ತಂದು ಅವನ ಎರಡೂ ಕೈಯಲ್ಲಿಟ್ಟರು.

“ನಾಕು ತಿಂಗಳು ಫೋನು ತೋರಿಸಿದಿ. ಇವತ್ತ ಇದನ್ನ ತೋರಿಸು.”