ಕೀಲಿ ತೆಗೆದ ಮೇಲೂ ಓಡಿದ ಗಾಡಿ

"ಅಜ್ಜಾರ, ಯಾರೂ ಹೇಳದನ ದುಡಿಯೋರ ಮೈಯಾಗ ದೇವರ ಬಲ ಇಳಿದಿರ್ತೈತೇನ್ರಿ?" ಎಂದು ಫಕೀರೇಶ ತನ್ನ ಗುರುಗಳನ್ನು ಕೇಳಿದ.

ಕೇಳಿದ್ದು ಹೆಂಡತಿ ನಿಂಬೆವ್ವನ ವಿಷಯ. ಮಠಕ್ಕೆ ಬಂದವರನ್ನೆಲ್ಲ ಮನೆಗೆ ಕರೆದು ಊಟಕ್ಕೆ ಕೂರಿಸುವುದು ಫಕೀರೇಶನ ವ್ರತ. ಕರೆಯುವ ಪುಣ್ಯ ಅವನದು, ರೊಟ್ಟಿ ಬಡಿಯುವ ಪಾಲು ಅವಳದು. ಮೊದಮೊದಲು ನಿಂಬೆವ್ವ ಜಗಳಕ್ಕೆ ನಿಲ್ಲುತ್ತಿದ್ದಳು. "ನಿಮ್ಮ ಸ್ವರ್ಗಕ್ಕ ನನ್ನ ರಟ್ಟೀನ ಏಣಿ ಏನು?" ಎಂದು ರೊಟ್ಟಿ ಹಂಚು ಕುಕ್ಕುತ್ತಿದ್ದಳು. ಆಮೇಲೆ ಬರಿ ಗೊಣಗಿದಳು. ಈಗ ಅದೂ ಇಲ್ಲ. ಸರಿಯಾಗಿ ಉಣ್ಣುವುದಿಲ್ಲ, ಮಲಗುವುದಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಸಾಕು ಬಾ ಎಂದರೆ ಅವನ ಕಡೆ ನೋಡಿ ನಗುತ್ತಾಳೆ, ಕೈ ಮಾತ್ರ ನಿಲ್ಲುವುದಿಲ್ಲ.

ಫಕೀರೇಶನಿಗೆ ಇದು ಸಿದ್ಧಿಯೆಂದು ತೋರಿತು. ಗುರುಗಳ ಕೈಯಿಂದ ಅವಳಿಗೆ ಶಾಲು ಹೊದಿಸಬೇಕು, ಬರುವ ಶ್ರಾವಣದಿಂದ ಮನೆಯಲ್ಲಿ ದಿನವೂ ದಾಸೋಹ ನಡೆಸಬೇಕು. ಅದಕ್ಕೆ ಅಪ್ಪಣೆ ಕೇಳಲು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ.

ಆ ಮಠದಲ್ಲಿ ಹಬ್ಬದ ಹಿಟ್ಟನ್ನು ಇಂದಿಗೂ ಕಲ್ಲಿನಲ್ಲೇ ಬೀಸುವುದು ಪದ್ಧತಿ. ಬೀಸಬೇಕಾದ ಜೋಳವನ್ನು ಫಕೀರೇಶನೇ ಹೊತ್ತು ತಂದಿದ್ದ. ಬುಟ್ಟಿಯನ್ನು ಗುರುಗಳ ಪಕ್ಕದಲ್ಲಿಟ್ಟು ಅದರ ಮೇಲೆ ಶಾಲು ಹಾಸಿದ. ನಿಂಬೆವ್ವ ನಮಸ್ಕಾರವನ್ನೂ ಮಾಡದೆ ನೆಟ್ಟಗೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಬೀಸುಕಲ್ಲಿನ ಸದ್ದು ಎದ್ದಿತು.

"ಬಂದಾಕಿನ ಕೆಲಸ ಹಚ್ಚಿಕೊಂಡ್ಲು ನೋಡ್ರಿ," ಎಂದ ಫಕೀರೇಶ.

ಗುರುಗಳು ಆ ಸದ್ದನ್ನು ಆಲಿಸಿದರು. ಅವರು ಹುಟ್ಟಿ ಬೆಳೆದದ್ದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗಳ ಊರಲ್ಲಿ. ಅಲ್ಲಿಯ ಕತೆಯೊಂದನ್ನು ಹೇಳತೊಡಗಿದರು.

ಒಬ್ಬ ಚಾಲಕನಿದ್ದ. ಗಣಿಯ ತಳದಿಂದ ಫರ್ಸಿ ಕಲ್ಲನ್ನು ಲಾರಿಯಲ್ಲಿ ಮೇಲಕ್ಕೆ ಸಾಗಿಸುವುದು ಅವನ ಕೆಲಸ. ಗಾಡಿ ಹಳೆಯದು. ಅದರ ಟರ್ಬೊ, ಗಾಡಿ ಕಂಪನಿಯಿಂದ ಬಂದಾಗ ಇದ್ದದ್ದೇ. ಟರ್ಬೊ ಎಂದರೆ ಇಂಜಿನ್ನು ಬಿಡುವ ಹೊಗೆಯಿಂದಲೇ ತಿರುಗಿ, ಅದೇ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಣ್ಣ ಚಕ್ರ. ಗಾಳಿ ಹೆಚ್ಚಿದಷ್ಟೂ ಬಲ ಹೆಚ್ಚು. ಇಷ್ಟು ಸಾಕು ಎಂದು ತಡೆಯಲು ಅದಕ್ಕೊಂದು ಬಾಗಿಲು, ಆ ಬಾಗಿಲಿಗೊಂದು ನಟ್ಟು.

ಗಾಡಿ ಏರಿನಲ್ಲಿ ಏದುಸಿರು ಬಿಡತೊಡಗಿತು. ಚಾಲಕ ರಿಪೇರಿ ಮಿಸ್ತ್ರಿಯ ಬಳಿ ಹೋಗಿ, "ಬೂಸ್ಟ್ ಏರಸು, ಗಾಳಿ ಇನ್ನಷ್ಟು ಒತ್ತಲಿ," ಎಂದ.

ಮಿಸ್ತ್ರಿ ಟರ್ಬೊದ ಚಕ್ರವನ್ನು ಬೆರಳಿನಿಂದ ಅಲುಗಿಸಿ ನೋಡಿದ. "ಮುದುಕಿ ಹಲ್ಲಿನಂಗ ಅಳ್ಳಾಡಾಕ ಹತ್ತೇತಿ. ಇದಕ್ಕ ಕಬ್ಬು ತಿನಸ್ತೀಯಾ? ಭಾರ ಇಳಸು, ಇಲ್ಲಾ ಬ್ಯಾರೇದು ಹಾಕಸು."

"ಎಳಿತೈತಲ್ಲ? ಎಳಿಯೋ ತನಕ ಎಳೀಲಿ."

ಮಿಸ್ತ್ರಿ ನಟ್ಟು ತಿರುಗಿಸಿದ. ತನಗೇನು ಹೋಗಬೇಕು?

ಗಾಡಿ ಏರನ್ನು ಸಲೀಸಾಗಿ ಹತ್ತಿತು. ಹತ್ತಿತಲ್ಲ ಎಂದು ಚಾಲಕ ಇನ್ನಷ್ಟು ಕಲ್ಲು ಹೇರಿದ. ಮತ್ತೆ ಏದುಸಿರು, ಮತ್ತೆ ನಟ್ಟು. ಈ ಸಲ ಮಿಸ್ತ್ರಿಯ ಮುಖ ನೋಡಲಿಲ್ಲ, ತಾನೇ ತಿರುಗಿಸಿಕೊಂಡ. ಮೊದಲು ಸಿಳ್ಳೆ ಹಾಕುತ್ತಿದ್ದ ಟರ್ಬೊ ಬರಬರುತ್ತ ಕೂಸಿನಂತೆ ಅಳತೊಡಗಿತು. ಚಾಲಕ ಹಾಡು ಜೋರು ಮಾಡಿಕೊಂಡ. ಒಂದು ದಿನ ಆ ಅಳು ತಾನಾಗಿಯೇ ಅಡಗಿತು. ಪಳಗಿತು ಅಂದುಕೊಂಡು ಚಾಲಕ ಗಾಡಿಗೆ ಹೂವಿನ ಹಾರ ಹಾಕಿದ.

ಮರುದಿನ ನಡುಮಧ್ಯಾಹ್ನ ಕಲ್ಲು ಇಳಿಸಿದ ಮೇಲೆ ಅವನು ಕೀಲಿ ತೆಗೆದು ಕೆಳಗಿಳಿದ. ಇಂಜಿನ್ನು ನಿಲ್ಲಲಿಲ್ಲ.

ಚಾಲಕ ಕೀಲಿಯನ್ನು ನೋಡಿದ. ಅದು ಅವನ ಅಂಗೈಯಲ್ಲೇ ಇತ್ತು. ಇಂಜಿನ್ನಿನ ವೇಗ ಏರಿತು. ಗಾಡಿಯೊಳಗೆ ಯಾರೂ ಇರಲಿಲ್ಲ. ಅವನು ಡೀಸೆಲ್ ಪೈಪು ಕಿತ್ತ. ಡೀಸೆಲ್ ನೆಲಕ್ಕೆ ಸುರಿಯಿತು, ಇಂಜಿನ್ನು ಇನ್ನೂ ಜೋರಾಗಿ ಓಡಿತು. ನೀಲಿ ಹೊಗೆ ಎದ್ದು ಬಿಸಿಲು ಮಂಕಾಯಿತು.

ಹಮಾಲರು ನೆರೆದರು. "ಲೇ, ಡೀಸೆಲ್ ಇಲ್ದನ ಓಡಾಕ ಹತ್ತೇತಿ! ಗಾಡ್ಯಾಗ ದೇವರು ಬಂದಾನ್ರೋ!" ಎಂದ ಒಬ್ಬ. ಇನ್ನೊಬ್ಬ ಚಪ್ಪಲಿ ಕಳಚಿ ನಿಂತ. ಮತ್ತೊಬ್ಬ ತೆಂಗಿನಕಾಯಿ ತಂದ. ಚಾಲಕನೂ ಕೈ ಮುಗಿದ. ಮುಗಿದ ಕೈಗಳ ನಡುವೆ ಕೀಲಿ ಇತ್ತು.

ಮಿಸ್ತ್ರಿ ಓಡಿ ಬಂದ. "ದೇವರಲ್ಲಲೇ, ಎಣ್ಣಿ! ಟರ್ಬೊ ಒಡದು ಇಂಜಿನ್ನಿನ ಎಣ್ಣೀನ ಇಂಜಿನ್ನಿಗೆ ಕುಡಸಾಕ ಹತ್ತೇತಿ. ತನ್ನ ಮೈ ತಾನ ಉರಸಿಕೊಂಡು ಓಡಾಕ ಹತ್ತೇತಿ. ಗಾಳಿ ಕಟ್ರಿ!"

ಗಾಳಿಯ ಬಾಯಿಗೆ ತುರುಕಲು ಚಿಂದಿ ಹುಡುಕುವಷ್ಟರಲ್ಲಿ ಇಂಜಿನ್ನು ಒಮ್ಮೆ ಕಿರುಚಿತು. ಎಣ್ಣೆ ಮುಗಿದಿತ್ತು. ಒಳಗಿನದೆಲ್ಲ ಒಂದಕ್ಕೊಂದು ಕಚ್ಚಿಕೊಂಡು ನಿಂತಿತು. ಅದು ಮತ್ತೆಂದೂ ಓಡಲಿಲ್ಲ. ಕಾಯಿ ತಂದವನು ಅದನ್ನು ಒಡೆಯದೆ ಹಿಡಿದುಕೊಂಡೇ ಮನೆಗೆ ಹೋದ.

ಗುರುಗಳು ಮಾತು ನಿಲ್ಲಿಸಿದರು. ಗೋಡೆಯಾಚೆ ಬೀಸುಕಲ್ಲು ಮೊದಲಿಗಿಂತ ಬಿರುಸಾಗಿ ತಿರುಗುತ್ತಿತ್ತು.

ಫಕೀರೇಶ ಗೋಡೆಯ ಕಡೆ ತಿರುಗಿ ನೋಡಿದ. ಆದರೂ ಬಿಡಲಿಲ್ಲ. "ಅದು ಕಬ್ಬಿಣ ಅಲ್ಲೇನ್ರಿ ಅಜ್ಜಾರ? ನಮ್ಮಾಕಿ ಮನುಷ್ಯಾಳು. ದಣಿದರ ಬಾಯಿಬಿಟ್ಟು ಹೇಳತಾಳ. ಈಗೂ ನೋಡ್ರಿ, ಎಷ್ಟು ಹುರುಪಿಲೆ ಬೀಸಾಕ ಹತ್ಯಾಳ."

ಗುರುಗಳು ಕೈ ಚಾಚಿ ಪಕ್ಕದಲ್ಲಿದ್ದ ಬುಟ್ಟಿಯ ಮೇಲಿನ ಶಾಲನ್ನು ಸರಿಸಿದರು. ಜೋಳ ತಂದಾಗ ಇದ್ದಷ್ಟೇ ಇತ್ತು, ಕಂಠದ ತನಕ.

"ಕಾಳು ಇಲ್ಲೇ ಐತಲ್ಲೋ ಫಕೀರೇಶ, ಒಳಗ ಆಕಿ ಏನು ಬೀಸಾಕ ಹತ್ಯಾಳ?"

ಗೋಡೆಯಾಚೆ ಕಲ್ಲು ಕಲ್ಲಿಗೆ ಉಜ್ಜುತ್ತಲೇ ಇತ್ತು.